ಅರ್ಧ ಗಡ್ಡದ ಟ್ಯೂಷನ್ನು

ನಮ್ಮ ಹರಿಹರದ ಕಟಿಂಗ್ ಶಾಪಿನ ತಿಪ್ಪೇಶಣ್ಣನ ತಲೆಗೆ ಕೈ ಮುಗೀಬೇಕು ಕಣ್ರಿ.

ಶೇವಿಂಗಿಗೆ ಬಂದ ಇಂಗ್ಲಿಷ್ ಮೇಷ್ಟ್ರನ್ನ, "ನನ್ ಮಗಳನ್ನ ಟ್ಯೂಷನ್ನಿಗೆ ಸೇರಿಸ್ಕೊಳ್ಳಿ" ಅಂತ ಕೇಳ್ದ.

ಮೇಷ್ಟ್ರು ನೊರೆ ಮುಖದಲ್ಲೇ ನಕ್ರು. "'ಟೇಕ್ ಆಫ್' ಅಂದ್ರೆ ಬಿಚ್ಚೋದು, ವಿಮಾನ ಹಾರೋದು, ರಜೆ ಹಾಕೋದು. ಇನ್ನೂ ಬೇಜಾನ್ ಅರ್ಥ ಇದಾವೆ. ಅವನ್ನೆಲ್ಲಾ ನೀನು ಹೇಳಿದ್ರೆ, ನಿನ್ ಮಗಳನ್ನ ಸೇರಿಸ್ಕೋತೀನಿ."

ತಿಪ್ಪೇಶಣ್ಣ ಅರ್ಧ ಗಡ್ಡ ಬೋಳಿಸಿ, ಕತ್ತಿ ಮಡಚಿ ಕೂತ್ಕಂಡ.

"ಯಾಕೋ ನಿಲ್ಲಿಸ್ದೆ? ಕಾಲೇಜಿಗೆ ಹೊತ್ತಾಯ್ತು!"

"ಉಳಿದ ಅರ್ಥ ಯೋಚಿಸ್ತಿದೀನಿ ಮೇಷ್ಟ್ರೇ. ಯೋಚನೆ ಮಾಡ್ತಾ ಕತ್ತಿ ಹಿಡೀಬಾರ್ದು ಅಂತ ನಮ್ಮಪ್ಪ ಹೇಳ್ಕೊಟ್ಟಿದಾನೆ."

ಮೇಷ್ಟ್ರು ಕನ್ನಡಿ ನೋಡ್ಕೊಂಡ್ರು. ಹೊರಗೆ ಅವರ ಸ್ಟೂಡೆಂಟ್ಸ್ ದಂಡೇ ಹೋಗ್ತಿತ್ತು.

"ಆಯ್ತು ಮಾರಾಯ, ನಾಳೆಯಿಂದ ಕಳ್ಸು!"

"ನಾಳೆ ಯಾಕೆ?" ಅಂತ ಅಂಗಡಿ ಹಿಂದಿನ ಮನೆಯಿಂದ ಮಗಳನ್ನ ಕೂಗಿ, ಮೇಷ್ಟ್ರ ಎದುರಿಗೆ ಕೂರಿಸ್ದ. "ಉಳಿದ ಅರ್ಥ ನೀವು ಹೇಳ್ಕೊಡ್ತಾ ಹೋಗಿ ಮೇಷ್ಟ್ರೇ, ನಾನು ಬೋಳಿಸ್ತಾ ಹೋಗ್ತೀನಿ."