ಹಳ್ಳದಲ್ಲಿ ಹೂತ ಉಪ್ಪಿನ ಗಾಡಿ

“ಗುರುಗಳೇ, ಎಲ್ಲರೂ ಮಾತಾಡುವ ಕಡೆ ಆ ಮಾತಿಗೊಂದು ಲಗಾಮು ಹಾಕುವುದು ಹೇಗೆ?” ಎಂದು ಈರಭದ್ರ ಕೇಳಿದ.

ಅಂತರ್ಜಾಲದಲ್ಲಿ ಪ್ರೋಗ್ರಾಮ್ ಬರೆಯುವವರ ಬಳಗವೊಂದನ್ನು ಅವನು ಕಟ್ಟಿದ್ದ. ಯಾರೋ ಸಹಾಯ ಕೇಳಿದ್ದರಿಂದ ಶುರುವಾದ ಅಲ್ಲಿನ ಒಂದು ಚರ್ಚೆ ಕುಂಬಳದ ಬಳ್ಳಿಯಂತೆ ಹಬ್ಬಿ ತುದಿ ಕಾಣದಾಗಿತ್ತು. ಬೈದಾಟಕ್ಕೆ ಬೇಸತ್ತು ಒಳ್ಳೊಳ್ಳೆಯವರೇ ಬಳಗ ಬಿಡುತ್ತಿದ್ದರು. ಹೀಗೇ ಆದರೆ ಕಟ್ಟಿದ್ದೆಲ್ಲ ಬರಿದಾಗುತ್ತದೆಂಬ ಭಯ ಅವನಿಗೆ.

“ಚರ್ಚೆಯನ್ನು ಕವಲು ಕವಲಾಗಿ ಬಿಡಿಸಿದೆ. ಒಂದೊಂದಕ್ಕೂ ತಲೆಬರಹ ಕೊಟ್ಟೆ. ನನ್ನಷ್ಟು ಚೆಂದ ಇನ್ಯಾರು ಮಾಡಿಯಾರು? ಆದರೂ ಜನ ನಿಲ್ಲುತ್ತಿಲ್ಲ.”

ಗುರುಗಳು ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿಯ ಗಾಡಿ ಹಳ್ಳದ ನಡುವೆ ಹೂತುಹೋಯಿತು. ನೀರು ಏರುತ್ತಿತ್ತು. ಅವನು ಒಬ್ಬಂಟಿ. ಹತ್ತಿರದ ಊರಿನ ಕಟ್ಟೆಗೆ ಓಡಿಬಂದು, “ಅಣ್ಣಗಳಿರಾ, ನಾಲ್ಕು ಜನ ಹೆಗಲು ಕೊಡಿ” ಎಂದು ಕೈಮುಗಿದ. ಆ ಊರಲ್ಲೊಂದು ಪದ್ಧತಿ. ಕಟ್ಟೆಗೆ ಬಂದ ಸಂಗತಿಯನ್ನು ಆಡಿ ಮುಗಿಸುವ ತನಕ ಯಾರೂ ಕಟ್ಟೆ ಇಳಿಯುವಂತಿಲ್ಲ.

ಒಬ್ಬ ರೈತ ಗಾಲಿ ಮಾಡಿದ ಬಡಗಿಯನ್ನು ಬೈದ. ಇನ್ನೊಬ್ಬ ಹಳ್ಳಕ್ಕೆ ಸೇತುವೆ ಯಾಕಿಲ್ಲ ಎಂದ. ಮತ್ತೊಬ್ಬ, “ನಮ್ಮಪ್ಪನ ಕಾಲದ ಎತ್ತುಗಳಾಗಿದ್ದರೆ ಗಾಡಿಯೇನು, ಹಳ್ಳವನ್ನೇ ಎಳೆದು ತರುತ್ತಿದ್ದವು” ಎಂದ.

“ನಿಮ್ಮಪ್ಪನ ಎತ್ತನ್ನು ಕೊಟ್ಟಿಗೆ ದಾಟಿಸೋಕೇ ಇಬ್ಬರು ಬೇಕಿತ್ತು, ಕೂತ್ಕೊಳ್ಳೋ!” ಎಂದು ಪಕ್ಕದವನು ಎದ್ದ.

ಊರ ಯಜಮಾನ ಜಾಣ. ಗಾಲಿಯವರನ್ನು ಬೇವಿನ ಕೆಳಗೆ, ಸೇತುವೆಯವರನ್ನು ಗೋಡೆ ಬದಿಗೆ, ಎತ್ತಿನವರನ್ನು ಮೆಟ್ಟಿಲ ಮೇಲೆ ಕೂರಿಸಿದ. ಗದ್ದಲ ಅಡಗಿತು. ಮಾತು ಸೊಗಸಾಗಿ ಸಾಗಿತು.

“ಯಜಮಾನರೇ, ಉಪ್ಪು...” ಎಂದ ವ್ಯಾಪಾರಿ.

“ತಾಳಪ್ಪ. ಉಪ್ಪಿನವರಿಗೂ ಒಂದು ಜಾಗ ಮಾಡೋಣ.”

ಹೊತ್ತು ಇಳಿದ ಮೇಲೆ ಎಲ್ಲರೂ ಒಮ್ಮತದಿಂದ ಹಳ್ಳಕ್ಕೆ ಹೋದರು. ಯಾರೂ ಹೆಗಲು ಕೊಡಬೇಕಾಗಲಿಲ್ಲ. ಒಂದೇ ಎಳೆತಕ್ಕೆ ವ್ಯಾಪಾರಿಯ ಎತ್ತುಗಳೇ ಗಾಡಿಯನ್ನು ದಡಕ್ಕೆ ತಂದವು.

“ನೋಡಿದೆಯಾ, ಕೂತು ಮಾತಾಡಿದರೆ ಕೆಲಸ ಎಷ್ಟು ಸಲೀಸು!” ಎಂದು ಊರವರು ಬೀಗಿದರು.

ವ್ಯಾಪಾರಿ ಬರಿಯ ಚೀಲಗಳನ್ನು ಹಿಂಡಿ, ಮಡಿಸಿಟ್ಟುಕೊಂಡು ಹೊರಟುಹೋದ.

ಈರಭದ್ರ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದರು ಗುರುಗಳೇ! ಉಪ್ಪು ಕರಗಿದ್ದೂ ತಿಳಿಯಲಿಲ್ಲವಲ್ಲ!”

ಆ ನಗು ಮುಗಿಯುವ ತನಕ ಗುರುಗಳು ಕಾದರು. ಆಮೇಲೆ ಮೆಲ್ಲಗೆ ಕೇಳಿದರು:

“ನಿನ್ನ ಆ ಚರ್ಚೆಯಲ್ಲಿ, ಮೊಟ್ಟಮೊದಲು ಸಹಾಯ ಕೇಳಿ ಬಂದವರ ಹೆಸರೇನಪ್ಪ?”

ಈರಭದ್ರ ಫೋನು ತೆಗೆದು, ಆ ಚರ್ಚೆಯ ಮೊದಲ ಸಾಲಿಗಾಗಿ ಹಿಂದಕ್ಕೆ ಹಿಂದಕ್ಕೆ ಹುಡುಕತೊಡಗಿದ.