ಸ್ಟೆಪ್ನಿ ಆಡಿದ ಅಪಶಕುನ

ಪರದೇಶದ ಮರಳುಗಾಡು ದಾಟಬೇಕೆಂದು ಕಾರೊಂದು ಹೊರಟಿತಂತೆ ಕಣ್ರಪ್ಪಾ. ಮೂರು ದಿನದ ದಾರಿ, ಕಂಡದ್ದಲ್ಲ, ಕೇಳಿದ್ದಲ್ಲ. ನಾಲ್ಕೂ ಚಕ್ರದಡಿಗೆ ನಿಂಬೆಹಣ್ಣು ಇಡಿಸಿಕೊಂಡು ಪೂಜೆ ಮುಗಿಸಿತು.

ಡಿಕ್ಕಿಯಲ್ಲಿ ಮಲಗಿದ್ದ ಸ್ಟೆಪ್ನಿ ಚಕ್ರ, "ಅಣ್ಣಾ, ನನ್ನೊಳಗೆ ಗಾಳಿಯೇ ಇಲ್ಲ. ನಡುದಾರೀಲಿ ಒಂದು ಚಕ್ರ ಒಡೆದರೆ ಗತಿಯೇನು? ತುಂಬಿಸಿಕೊಂಡು ಹೊರಡು" ಅಂದಿತು.

"ಹೊರಡೋ ಹೊತ್ತಿಗೆ ಒಡೆಯೋ ಮಾತಾಡ್ತೀಯಲ್ಲೋ, ದರಿದ್ರದವನೇ! ಬಾಯಿ ಮುಚ್ಚು" ಎಂದು ಕಾರು ಡಿಕ್ಕಿಯ ಬಾಗಿಲನ್ನು ದಬ್ಬೆಂದು ಮುಚ್ಚಿತು.

ಎರಡನೇ ದಿನ ಮುಂದಿನ ಚಕ್ರ ಕಲ್ಲಿಗೆ ಸಿಕ್ಕಿ ಸೀಳಿಹೋಯಿತು.

"ತಮ್ಮಾ, ಬಾರಪ್ಪಾ!" ಎಂದಿತು ಕಾರು.

"ಬರ್ತೀನಣ್ಣಾ. ಗಾಳಿ ಎಲ್ಲಿಂದ ತರಲಿ?"

ಸುತ್ತ ಊರಿಲ್ಲ, ನರಪಿಳ್ಳೆಯಿಲ್ಲ. ಮರಳು ಹಾರಿ ಹಾರಿ ಕಿಟಕಿಗೇರಿತು. "ಅವತ್ತು ನೀನು ಬಾಯಿ ಬಿಟ್ಟಿದ್ದಕ್ಕೇ ಹೀಗಾಯ್ತು" ಅಂತ ಬೈಯುತ್ತಲೇ ಕಾರು ತಮ್ಮನ ಸಮೇತ ಹೂತುಹೋಯಿತು.