ಒತ್ತಿ ಕೂರುವ ಗುಂಡು

ಆಂಬುಲೆನ್ಸಿನ ಪೆಟ್ಟಿಗೆಯೊಂದರಲ್ಲಿ, ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಉದ್ದನೆಯ ಪಟ್ಟಿಯೂ ಗಾಯವನ್ನು ಒತ್ತಿ ಹಿಡಿಯುವ ಚೆಂಡಿನಂಥ ಒಂದು ರಬ್ಬರ್ ಗುಂಡೂ ಒಟ್ಟಿಗೆ ವಾಸವಾಗಿದ್ದವು. ಗಾಡಿ ಕುಲುಕಿದಾಗಲೆಲ್ಲ ಗುಂಡು ಉರುಳಿ ಬಂದು ಪಟ್ಟಿಗೆ ಒತ್ತಿಕೊಳ್ಳುತ್ತಿತ್ತು.

“ಆಚೆ ಸರಿಯಪ್ಪ,” ಎಂದು ಪಟ್ಟಿ ರೇಗುತ್ತಿತ್ತು. “ನಾನು ಸುತ್ತಿ ಬಿಗಿದರೆ ಎಂಥ ರಕ್ತವೂ ನಿಲ್ಲುತ್ತದೆ. ನಿನಗೆ ಒತ್ತುವುದು ಬಿಟ್ಟು ಬೇರೇನು ಬರುತ್ತದೆ?”

“ಬೇರೇನೂ ಬರುವುದಿಲ್ಲ, ಅಣ್ಣ,” ಎಂದು ಗುಂಡು ಮೂಲೆಗೆ ಸರಿಯುತ್ತಿತ್ತು.

ಒಮ್ಮೆ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಫಕ್ಕೀರೇಶನೆಂಬ ಯುವಕನ ತೊಡೆಸಂದಿಗೆ ಹೋರಿಯ ಕೊಂಬು ತಿವಿಯಿತು. ರಕ್ತ ಚಿಮ್ಮಿತು. ಆಂಬುಲೆನ್ಸಿನ ನರ್ಸ್ ದಾಕ್ಷಾಯಿಣಿ ಪೆಟ್ಟಿಗೆ ಹಿಡಿದು ಓಡಿ ಬಂದು ಗಾಯವನ್ನು ಅಂಗೈಯಿಂದ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಪೆಟ್ಟಿಗೆ ತೆರೆದಳು.

ಪಟ್ಟಿಗೆ ಗಾಬರಿಯಾಯಿತು. “ಇಲ್ಲಿಗೆ ಕಾಲೇ ಮುಗಿಯಿತಲ್ಲ! ನಾನು ಬಿಗಿಯಬೇಕಾದ್ದು ಗಾಯದಿಂದ ಮೇಲಕ್ಕೆ; ಅಲ್ಲಿ ಯಾವುದನ್ನು ಸುತ್ತಲಿ?”

“ಒತ್ತಲು ಜಾಗವಿದೆ,” ಎಂದಿತು ಗುಂಡು. “ಆದರೆ ಒಬ್ಬನೇ ಇದ್ದರೆ ಉರುಳಿಬಿಡುತ್ತೇನೆ. ಅಣ್ಣ, ನನ್ನನ್ನು ಹಿಡಿದುಕೊಳ್ಳುತ್ತೀಯಾ?”

ದಾಕ್ಷಾಯಿಣಿ ಗುಂಡನ್ನು ತೊಡೆಸಂದಿಗೆ ಒತ್ತಿ ಇಟ್ಟಳು. ಅದರ ಮೇಲೆ ಪಟ್ಟಿಯನ್ನು ಹಾಯಿಸಿ, ಸೊಂಟ ಬಳಸಿ ಬಿಗಿದಳು.

“ರಕ್ತ ನಿಂತೈತಿ ತಮ್ಮಾ, ಕಣ್ಣು ಮುಚ್ಚಬ್ಯಾಡ,” ಎಂದಳು.

ಆಸ್ಪತ್ರೆ ಮುಟ್ಟುವವರೆಗೂ ಗುಂಡು ಗಾಯವನ್ನು ಬಿಡಲಿಲ್ಲ, ಪಟ್ಟಿ ಗುಂಡನ್ನು ಬಿಡಲಿಲ್ಲ. ಫಕ್ಕೀರೇಶ ಬದುಕಿದ.

ಪಟ್ಟಿ, ಗುಂಡು ಎರಡೂ ಮೈ ತೊಳೆಸಿಕೊಂಡು ಪೆಟ್ಟಿಗೆಗೆ ಮರಳಿದವು. ಗಾಡಿ ಹೊರಟಿತು. ಗುಂಡು ಉರುಳದಂತೆ ಮೈ ಬಿಗಿಹಿಡಿದು ಮೂಲೆಯಲ್ಲೇ ಕೂತಿತು.

“ಅಲ್ಲೇಕೆ ಕೂತೆ?” ಎಂದಿತು ಪಟ್ಟಿ. “ಬಾ, ಇಲ್ಲಿ ನನಗೆ ಒತ್ತಿಕೊಂಡು ಕೂರು.”